ಮೀಸೆಗೆ ಹತ್ತದ ಮಣ್ಣು

ಬಸವಕಲ್ಯಾಣದ ದಿಗಂಬರ ಪೈಲ್ವಾನ ಬಂದರೆ ಬಜಾರದ ಓಣಿ ತಾನಾಗಿಯೇ ಅಗಲವಾಗುತ್ತದೆ ಎಂದು ಆ ಕಾಲದಲ್ಲಿ ಜನ ಹೇಳುತ್ತಿದ್ದರು. ಓಣಿಗೇನು ಕಾಲಿದೆಯೇ ಸರಿಯಲು? ಜನ ಗೋಡೆಗೆ ಅಂಟಿ ನಿಲ್ಲುತ್ತಿದ್ದರು, ಅಷ್ಟೇ. ಹುಮನಾಬಾದ್ ಕಡೆಯ ಹುಡಗಿ ಎಂಬ ಹಳ್ಳಿಯಿಂದ ಮದುವೆಯಾಗಿ ಬಂದ ತುಳಜಾಬಾಯಿ ಅದನ್ನು ಮೊದಲ ಸಲ ಕಂಡದ್ದು ಗಂಡನ ಹಿಂದೆ ಗುಡಿಗೆ ಹೊರಟ ದಿನ. ಹುಲ್ಲಿನ ಹೊರೆ ಹೊತ್ತ ಮುದುಕನೊಬ್ಬ ಸರಿಯುವುದು ತಡವಾಯಿತು. ಹೊರೆಯ ಒಂದು ಎಸಳು ದಿಗಂಬರನ ಇಸ್ತ್ರಿ ಅಂಗಿಗೆ ತಾಗಿತು. ದಿಗಂಬರ ಬೈಯಲಿಲ್ಲ, ಹೊಡೆಯಲೂ ಇಲ್ಲ. ಹೊರೆಯನ್ನು ಎತ್ತಿ ಪಕ್ಕದ ಮಾಳಿಗೆಯ ಮೇಲೆ ಎಸೆದು ಮುಂದೆ ನಡೆದ. ಮುದುಕ ಬಿಸಿಲಲ್ಲಿ ಮಾಳಿಗೆಯತ್ತ ಕತ್ತೆತ್ತಿ ನೋಡುತ್ತ ನಿಂತ. ಕಟ್ಟೆಯ ಮೇಲೆ ಕೂತವರು ನಕ್ಕರು. ತುಳಜಾಬಾಯಿಯೂ ನಕ್ಕಳು. ಹದಿನಾರರ ಹುಡುಗಿ, ಗಂಡನ ತೋಳಿನ ಬಲ ಕಂಡು ಹಿಗ್ಗಿದ್ದಳು. ಆ ನಗೆ ಅವಳನ್ನು ಮುಂದೆ ಬಹಳ ವರ್ಷ ಕಾಡಿತು.

ಮನೆತನ ದೊಡ್ಡದು. ಕಲ್ಯಾಣದ ಕೋಟೆಯ ಆಚೆ ಹೊಲ, ಹುಮನಾಬಾದಿನ ಪೇಟೆಯಲ್ಲಿ ಕಾಳಿನ ಅಂಗಡಿ. ಎರಡನ್ನೂ ಗಂಡನ ಸೋದರಮಾವ ವೈಜನಾಥ ನೋಡಿಕೊಳ್ಳುತ್ತಿದ್ದ. ದಿಗಂಬರನಿಗೆ ಗೊತ್ತಿದ್ದದ್ದು ಮನೆಯ ಹಿತ್ತಲಿಗೆ ಹೊಂದಿಕೊಂಡಿದ್ದ ಗರಡಿಮನೆ, ತಾಲೀಮು ಒಂದೇ. ಮಣ್ಣಿನ ಗೋಡೆ, ತಲೆ ಬಾಗಿಸಿ ದಾಟಬೇಕಾದ ಗಿಡ್ಡ ಬಾಗಿಲು, ಒಳಗೆ ಮಜ್ಜಿಗೆ, ಅರಿಶಿನ, ಎಣ್ಣೆ ಕುಡಿದು ಮೆತ್ತಗಾದ ಕೆಮ್ಮಣ್ಣಿನ ಅಖಾಡ. ಕಲಿಸುವ ವಸ್ತಾದ ಪೀರ್ ಪಾಷಾ. ಹಿಂದೂ, ಮುಸಲ್ಮಾನ, ಸಾಹುಕಾರ, ಕೂಲಿ, ಎಲ್ಲರ ಮಕ್ಕಳೂ ಅಲ್ಲಿ ಒಂದೇ ಮಣ್ಣಿನಲ್ಲಿ ಹೊರಳುತ್ತಿದ್ದರು. ಊರಬಾಗಿಲಾದ ಅಗಸೆಯ ಹೊರಗಿನ ಕೇರಿಯ ಹುಡುಗರಿಗೆ ಮಾತ್ರ ಆ ಹೊಸ್ತಿಲು ಇರಲಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ, ಕೇಳಬೇಕಾದವರಿಗೆ ಕೇಳುವ ಬಾಯಿಯನ್ನೇ ಊರು ಕೊಟ್ಟಿರಲಿಲ್ಲ.

ದಿಗಂಬರನ ಹಮ್ಮು ಎಷ್ಟೆಂದರೆ ಅವನು ಅಂಗಾತ ಮಲಗುತ್ತಿರಲಿಲ್ಲ. ಪೈಲ್ವಾನನ ಬೆನ್ನು ನೆಲ ಕಾಣಬಾರದಂತೆ. ಚಳಿಯಿರಲಿ, ಜ್ವರವಿರಲಿ, ಮಗ್ಗುಲಾಗಿಯೇ ಮಲಗುತ್ತಿದ್ದ. "ಹಾಸಿಗಿ ಏನ ಕುಸ್ತಿ ಹಿಡೀತೈತೇನ್ರಿ?" ಎಂದು ತುಳಜಾಬಾಯಿ ಒಮ್ಮೆ ಚೇಷ್ಟೆ ಮಾಡಿದ್ದಳು. ಅವನು ನಗಲಿಲ್ಲ. ಆ ವಿಷಯದಲ್ಲಿ ಅವನಿಗೆ ನಗು ಬರುತ್ತಿರಲಿಲ್ಲ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಕೇರಿಯವರು ಬೌದ್ಧ ದೀಕ್ಷೆ ತೆಗೆದುಕೊಂಡರು. ಸತ್ತ ದನ ಎಳೆಯುವುದಿಲ್ಲ ಎಂದರು. ಊರಿನ ಹಿರಿಯರು ಸಿಟ್ಟಾದರು. ಅಂಥ ದಿನಗಳಲ್ಲೇ ಒಂದು ಬೆಳಗ್ಗೆ ಉತ್ತಮನೆಂಬ ಕಲ್ಲುಕುಟಿಗ ತಾಲೀಮಿನ ಹೊಸ್ತಿಲ ಮುಂದೆ ಬಂದು ನಿಂತ. ಕೊಹಿನೂರಿನಿಂದ ಕೆಲಸಕ್ಕೆ ಬಂದು ಕೇರಿಯಲ್ಲೇ ಬೀಡುಬಿಟ್ಟವನು. ಕಲ್ಲು ಸೀಳಿ ಸೀಳಿ ತೋಳು ಹಾರೆಯಂತಾಗಿದ್ದವು. ನಾಲಿಗೆಯೂ ಅಷ್ಟೇ.

"ವಸ್ತಾದ್, ನಮ್ಮ ಹುಡುಗರನ್ನ ಒಳಗ ತಗೋರಿ," ಎಂದ.

ವೈಜನಾಥ ನಕ್ಕ. ಪೀರ್ ಪಾಷಾ ದಾಡಿ ನೀವಿಕೊಂಡ. ಅಖಾಡದಿಂದ ಎದ್ದು ಬಂದವನು ದಿಗಂಬರ. "ಯುಗಾದಿ ಮರುದಿನ ಮೈದಾನಕ್ಕ ಬಾ. ನನ್ನ ಬೆನ್ನಿಗಿ ಮಣ್ಣ ಹಚ್ಚು. ಹಚ್ಚಿದಿ ಅಂದ್ರ, ನಿನ್ನ ಕೇರಿ ಹುಡುಗರನ್ನ ಕೈ ಹಿಡದು ಬಜಾರದಾಗಿಂದ ನಾನ ಕರಕೊಂಡು ಬರ್ತೇನಿ."

"ಅವನ ಕೈಲೆ ಮುಟ್ಟಿಸ್ಕೊಂತೀಯೇನೋ?" ಎಂದು ವೈಜನಾಥ ಕಿವಿಯಲ್ಲಿ ಗದರಿದ.

"ಮುಟ್ಟಿಸ್ಕೊಳ್ಳಾವ ನಾ. ನೀವ್ಯಾಕ ನಡಗ್ತೀರಿ ಮಾಮಾ?"

ಇಲ್ಲಿ ಆ ತಾಲೀಮಿನ ಒಂದು ರೂಢಿಯನ್ನು ಹೇಳಬೇಕು. ಕುಸ್ತಿ ಮುಗಿದ ಮೇಲೆ ಗೆದ್ದವನು ಸೋತವನ ಬೆನ್ನಿನ ಮಣ್ಣನ್ನು ತನ್ನ ಕೈಯಿಂದಲೇ ಒರೆಸಬೇಕು. ಒರೆಸುವ ತನಕ ಕುಸ್ತಿ ಮುಗಿದಂತಲ್ಲ. ಒರೆಸಿದ ಮೇಲೆ ಇಬ್ಬರ ನಡುವೆ ಜಿದ್ದು ಉಳಿಯುವಂತಿಲ್ಲ. ಪೀರ್ ಪಾಷಾನ ಅಜ್ಜನ ಕಾಲದಿಂದ ಬಂದ ಮಾತು ಇದು. ಅಲ್ಲಿ ಕಲಿತವರು ಯಾರೂ ಅದನ್ನು ಮುರಿದಿರಲಿಲ್ಲ.

ಯುಗಾದಿಯ ಮರುದಿನ ಕೋಟೆಯ ಬದಿಯ ಬಯಲು ತುಂಬಿ ತುಳುಕಿತು. ಹೆಂಗಸರು ಕುಸ್ತಿ ನೋಡುವ ಪದ್ಧತಿಯಿಲ್ಲ. ತುಳಜಾಬಾಯಿ ಬಳೆಗಾರ್ತಿ ಹಜಿರಾ ಬೀಯ ಮಾಳಿಗೆ ಹತ್ತಿ ಕುಂಬಿಯ ಗಿಡ್ಡ ಗೋಡೆಗೆ ಗದ್ದ ಊರಿ ನೋಡಿದಳು. ಹಲಗಿ ಬಡಿತಕ್ಕೆ ಎದೆ ಕುಣಿಯುತ್ತಿತ್ತು. ಕುಸ್ತಿ ಬಹಳ ಹೊತ್ತು ನಡೆಯಿತು. ಬಿಸಿಲು ಇಳಿಯಿತು, ಧೂಳು ಏರಿತು. ಒಂದು ಗಳಿಗೆಯಲ್ಲಿ ಉತ್ತಮ ಬಗ್ಗಿ, ದಿಗಂಬರನ ತೋಳು ಹಿಡಿದು, ಅಗಸ ಬಟ್ಟೆ ಒಗೆದಂತೆ ಭುಜದ ಮೇಲಿಂದ ಎತ್ತಿ ಒಗೆದ. ತುಂಬಿದ ಜೋಳದ ಚೀಲ ಅಟ್ಟದಿಂದ ಬಿದ್ದಂಥ ಸದ್ದು ಮಾಳಿಗೆಯ ತನಕ ಬಂತು. ಮರುಕ್ಷಣ ಜನ ಒಳನುಗ್ಗಿದರು, ಧೂಳಿನಲ್ಲಿ ಯಾರಿಗೂ ಏನೂ ಕಾಣಲಿಲ್ಲ.

ಅಂದು ತೀರ್ಪು ಕೊಡುವ ಪಂಚನಾಗಿ ನಿಂತವನು ವೈಜನಾಥ. ಗೆದ್ದವನಿಗೆ ಹೊದಿಸಬೇಕಾದ ಶಾಲು ಅವನ ತೋಳ ಮೇಲೇ ಇತ್ತು. ಧೂಳು ಅಡಗುವ ಮೊದಲೇ ಅದನ್ನು ಅಳಿಯನ ಹೆಗಲ ಸುತ್ತ ಹೊದಿಸಿ, "ಬೆನ್ನ ಹತ್ತಿಲ್ಲ. ಬರಾಬರಿ," ಎಂದು ಕೂಗಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಬ್ಬರೂ ಸಮ ಎಂದಮೇಲೆ ಯಾರೂ ಸೋಲಲಿಲ್ಲ, ಕೇರಿಯ ಹುಡುಗರಿಗೆ ಬಾಗಿಲೂ ತೆರೆಯಲಿಲ್ಲ. ಉತ್ತಮ ಪಂಚನತ್ತ ನೋಡಲೇ ಇಲ್ಲ. ರೂಢಿಯಂತೆ ಬಲಗೈ ಚಾಚಿ ದಿಗಂಬರನ ಬೆನ್ನ ಹತ್ತಿರ ಬಂದ. ದಿಗಂಬರ ಶಾಲನ್ನು ಬಿಗಿಯಾಗಿ ಎಳೆದುಕೊಂಡು ಹಿಂದೆ ಸರಿದ.

"ಬಿದ್ದವನ ಬೆನ್ನ ಒರಸು ಹೋಗು. ನಾ ಬಿದ್ದಿಲ್ಲ."

ಉತ್ತಮನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಆಮೇಲೆ ಅದನ್ನು ತನ್ನ ತೊಡೆಗೆ ಒರೆಸಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ. ಮಾಳಿಗೆಯ ಮೇಲಿಂದ ಮಾತು ಕೇಳಿಸಲಿಲ್ಲ, ಕೈ ಮಾತ್ರ ತುಳಜಾಬಾಯಿಗೆ ಚೆನ್ನಾಗಿ ಕಾಣಿಸಿತು.

ಸಂಜೆ ಬಚ್ಚಲಲ್ಲಿ ಅವನು ಶಾಲು ತೆಗೆದ. ಎರಡೂ ಭುಜದ ಹಿಂದೆ ಕೆಮ್ಮಣ್ಣು ಒತ್ತಿ ಕೂತಿತ್ತು, ರೊಟ್ಟಿಗೆ ಹಿಟ್ಟು ಹತ್ತಿದ ಹಾಗೆ. ತುಳಜಾಬಾಯಿಯ ಕೈಯಲ್ಲಿದ್ದ ತಂಬಿಗೆ ನಿಂತಿತು.

"ಬೆನ್ನಿಗಿ ಮಣ್ಣೈತ್ರಿ," ಎಂದಳು ಮೆಲ್ಲಗೆ.

"ತಿಕ್ಕು."

ಅವಳು ತಿಕ್ಕಿದಳು. ಬಿಸಿನೀರು ಸುರಿದು, ಸೀಗೆ ಹಚ್ಚಿ, ಚರ್ಮ ಕೆಂಪಾಗುವ ತನಕ ತಿಕ್ಕಿದಳು. ಕೆಂಪು ನೀರು ಮೋರಿಗೆ ಹರಿಯಿತು. ಮರುದಿನ ಬೆಳಗ್ಗೆ ಪೀರ್ ಪಾಷಾ ಹಿತ್ತಲ ಬಾಗಿಲಿಗೆ ಬಂದು, "ಬೆನ್ನ ತೋರ್ಸು ದಿಗಂಬರ," ಎಂದ. ದಿಗಂಬರ ಅಂಗಿ ಎತ್ತಿ ತೋರಿಸಿದ. ಬೆನ್ನು ಹಸುಗೂಸಿನ ಬೆನ್ನಿನಂತೆ ಸ್ವಚ್ಛವಾಗಿತ್ತು. ಮುದುಕ ಅದನ್ನು ನೋಡಿದ, ಆಮೇಲೆ ಒಲೆಯ ಮುಂದೆ ಕೂತ ತುಳಜಾಬಾಯಿಯನ್ನು ನೋಡಿದ, ಹೊರಟುಹೋದ. ಸುಳ್ಳು ಹೇಳಿದವನು ಮಾವ, ನುಂಗಿದವನು ಗಂಡ. ತೊಳೆದವಳು ತಾನು. ಇದು ಅವಳಿಗೆ ಅಂದೇ ತಿಳಿಯಿತು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಗಾದೆ ಹಳೆಯದು, ಕೇರಿಯ ಹೆಂಗಸರು ಅದನ್ನು ಹೊಸದು ಮಾಡಿದರು. ದಿಗಂಬರ ಅಗಸೆ ದಾಟುವಾಗೆಲ್ಲ ಸೆರಗಿನ ಮರೆಯಲ್ಲಿ ಮೀಸೆ ಒರೆಸಿಕೊಳ್ಳುವ ಸನ್ನೆ ಮಾಡುತ್ತಿದ್ದರು. ಅವನು ಕಾಣದವನಂತೆ ಮೀಸೆ ಹುರಿಮಾಡುತ್ತಿದ್ದ. ಬಜಾರದಲ್ಲಿ ಮೊದಲಿಗಿಂತ ಬಿರುಸಾಗಿ ನಡೆದ, ಹೊಸ ಹುಡುಗರ ಬೆರಳು ಮುರಿದ, ಊಟದಲ್ಲಿ ಉಪ್ಪು ಹೆಚ್ಚಾದರೆ ತಟ್ಟೆ ಅಂಗಳಕ್ಕೆ ಎಸೆದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳು ಅಂಗಳದಿಂದ ತಟ್ಟೆ ಎತ್ತಿ ತಂದು ಮತ್ತೆ ಬಡಿಸುತ್ತಿದ್ದಳು.

ಉತ್ತಮ ಹಳೆಯ ಕಲ್ಲುಗಣಿಯ ತಗ್ಗಿನಲ್ಲಿ ಮಣ್ಣು ಹದಮಾಡಿ ಕೇರಿಯ ಹುಡುಗರಿಗೆ ತಾನೇ ಕಲಿಸತೊಡಗಿದ. ಅವನ ಹಿರಿಮಗ ಅಪ್ಪನನ್ನು ಮೀರಿಸುವ ಕುಸ್ತಿಪಟುವಾದ. ಆದರೆ ಯಾವ ಮೈದಾನಕ್ಕೆ ಹೋದರೂ ಮೊದಲ ಪ್ರಶ್ನೆ, ಯಾವ ತಾಲೀಮು? ತಾಲೀಮಿನ ಹೆಸರಿಲ್ಲದವನಿಗೆ ಎದುರಾಳಿಯನ್ನು ಕೊಡುವುದಿಲ್ಲ. ಹುಡುಗ ಲಂಗೋಟಿಯನ್ನು ಬಗಲಲ್ಲಿ ಇಟ್ಟುಕೊಂಡು ಊರೂರು ಅಲೆದು ಹಾಗೆಯೇ ವಾಪಸು ಬರುತ್ತಿದ್ದ.

ಒಂದು ಮಳೆಗಾಲ ವಾರಗಟ್ಟಲೆ ಜಿಟಿಜಿಟಿ ಹಿಡಿದು ತಾಲೀಮಿನ ಮಣ್ಣುಗೋಡೆ ಕುಸಿಯಿತು. ಒಳಗೆ ದಿಗಂಬರ ಮತ್ತು ಪೀರ್ ಪಾಷಾ ಇದ್ದರು. ತುಳಜಾಬಾಯಿ ಹಿತ್ತಲಿಂದ ಓಡಿಬಂದಾಗ ಬಾಗಿಲ ಚೌಕಟ್ಟು ಮಾತ್ರ ನಿಂತಿತ್ತು. ಅದರಾಚೆ ತೊಲೆ, ಹೆಂಟೆ, ಧೂಳು, ಮುದುಕನ ನರಳಿಕೆ. ಸೇರಿದ ಜನ ಉಳಿದ ಗೋಡೆಯೂ ಬೀಳುತ್ತದೆಂದು ದೂರ ನಿಂತರು. ಹತ್ತಿರದ ಮನೆಯೊಂದಕ್ಕೆ ಕಲ್ಲು ಕೆತ್ತುತ್ತಿದ್ದ ಉತ್ತಮ ಹಾರೆ ಹಿಡಿದು ಬಂದ. ಬಂದವನು ಹೊಸ್ತಿಲಲ್ಲೇ ನಿಂತ.

"ಪೈಲ್ವಾನ್ರ, ಒಳಗ ಬರ್ಲೋ?"

ಒಳಗೆ ಒಂದು ಹೆಂಟೆ ಉರುಳಿತು.

"ಕೇಳಾಕತ್ತೇನಿ. ಹೊಸ್ತಿಲ ದಾಟ್ಲೋ ಬ್ಯಾಡೋ? ನಾಳಿಗಿ ಮಣ್ಣ ಮೈಲಿಗಿ ಆತು ಅನ್ನಬ್ಯಾಡ್ರಿ."

ಬಾ ಎಂದು ಕಿರುಚಬೇಕೆಂದು ತುಳಜಾಬಾಯಿಗೆ ಅನ್ನಿಸಿತು. ವೈಜನಾಥ ಪಕ್ಕದಲ್ಲೇ ನಿಂತಿದ್ದ. ಅವಳ ನಾಲಿಗೆ ಏಳಲಿಲ್ಲ. ಗಂಡ ಸತ್ತರೂ ಸಾಯಲಿ, ಮಾವನ ಮುಂದೆ ಸೊಸೆ ಮಾತಾಡಬಾರದು ಎಂಬ ಪಾಠ ಅಷ್ಟು ಗಟ್ಟಿಯಾಗಿ ಕೂತಿತ್ತು. ಸುಡಬೇಕು ಆ ಪಾಠವನ್ನು. ಮುದುಕ ಇನ್ನೊಮ್ಮೆ ನರಳಿದ. ಆಗ ಅವಶೇಷದ ಅಡಿಯಿಂದ ದಿಗಂಬರನ ದನಿ ಬಂತು.

"ಬಾ."

ಉತ್ತಮ ತೊಲೆಗೆ ಹಾರೆ ಕೊಟ್ಟು ಎತ್ತಿ ಮೊದಲು ಪೀರ್ ಪಾಷಾನನ್ನು, ಆಮೇಲೆ ದಿಗಂಬರನನ್ನು ಎಳೆದು ತಂದ. ಇಬ್ಬರನ್ನೂ ಕಟ್ಟೆಯ ಮೇಲೆ ಇಟ್ಟು, ಯಾರು ಕೊಟ್ಟ ನೀರನ್ನೂ ಕುಡಿಯದೆ ಕಲ್ಲು ಕೆತ್ತಲು ಹೋದ. ಮುದುಕನಿಗೆ ತರಚು ಗಾಯ. ದಿಗಂಬರನ ಬಲ ಹೆಗಲಿನ ಎಲುಬು ಮುರಿದಿತ್ತು, ಬಲಗೈ ಆಮೇಲೆ ಎಂದೂ ಭುಜದ ಮೇಲೆ ಏರಲಿಲ್ಲ. ಕುಸ್ತಿ ಅಲ್ಲಿಗೆ ಮುಗಿಯಿತು.

ಊರು ಏನು ಮಾಡಿತು ಗೊತ್ತೇ? ಗೋಡೆ ಕಟ್ಟುವ ಮೊದಲು ಅಖಾಡದ ಮಣ್ಣನ್ನೆಲ್ಲ ಅಗೆದು ಗಾಡಿಯಲ್ಲಿ ಹೊರಗೆ ಸಾಗಿಸಿತು. ಕೇರಿಯವನ ಕಾಲು ತಾಗಿತ್ತಲ್ಲ! ಹೊಸ ಮಣ್ಣು ತಂದು ಗೋಮೂತ್ರ ಚಿಮುಕಿಸಿದರು. ದಿಗಂಬರ ತೋಳು ಕಟ್ಟಿಕೊಂಡು ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ ಗಾಡಿಯ ಸದ್ದು ಕೇಳುತ್ತಿದ್ದ. ಈಗ ಎದ್ದಾರು, ಈಗ ಒಂದು ಮಾತು ಆಡಿಯಾರು ಎಂದು ತುಳಜಾಬಾಯಿ ಕಾದಳು. ಅವನು ಗೋಡೆಯತ್ತ ಹೊರಳಿದ. ಹೇಡಿತನಕ್ಕೂ ಮೀಸೆ ಇರುತ್ತದೆ.

ಆದರೆ ಅಂದಿನಿಂದ ಅವನು ತಟ್ಟೆ ಎಸೆಯುವುದನ್ನು ಬಿಟ್ಟ. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಉಂಡೆದ್ದು ಹೋಗುತ್ತಿದ್ದ. ಒಮ್ಮೊಮ್ಮೆ ಬೆಳಗ್ಗೆ ಕೋಲೂರಿಕೊಂಡು ಕಲ್ಲುಗಣಿಯ ದಂಡೆಗೆ ಹೋಗಿ, ಬೇವಿನ ಮರೆಯಲ್ಲಿ ನಿಂತು, ಉತ್ತಮನ ಹಿರಿಮಗನ ಪಟ್ಟುಗಳನ್ನು ನೋಡಿ ಬರುತ್ತಿದ್ದ. "ಆ ಹುಡುಗನ ಕಾಲು ನೋಡಬೇಕು ನೀ," ಎಂದ ಒಂದು ಸಲ, ರೊಟ್ಟಿ ಮುರಿಯುತ್ತ. "ನನ್ನ ಕಾಲು ಅಷ್ಟು ಚುರುಕ ಇರಲಿಲ್ಲ." ತನಗಿಂತ ಇನ್ನೊಬ್ಬ ಮೇಲು ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಒಂದು ಡಬ್ಬಿ ಎಳ್ಳೆಣ್ಣೆಯನ್ನು ಗಣಿಯ ದಂಡೆಯ ಮೇಲೆ ಇಟ್ಟುಬಂದ. ಮರುದಿನ ಡಬ್ಬಿ ಹಾಗೆಯೇ ಅವನ ಮನೆಯ ಕಟ್ಟೆಯ ಮೇಲೆ ಕೂತಿತ್ತು, ಮುಚ್ಚಳವನ್ನೂ ತೆಗೆದಿರಲಿಲ್ಲ.

ಆ ಹುಡುಗ ಕೊನೆಗೆ ಬೇಸತ್ತು ಸೊಲ್ಲಾಪುರದ ಗಿರಣಿಗೆ ಹೋದ. ಕೆಲವು ವರ್ಷಗಳ ಮೇಲೆ ಕಾಮಾಲೆಯಾಗಿ ಅಲ್ಲೇ ತೀರಿಕೊಂಡನೆಂಬ ಸುದ್ದಿ ಬಂತು. ಉತ್ತಮನ ಹೆಂಡತಿ ಮುಕ್ತಾಬಾಯಿಯ ಅಳು ಅಗಸೆ ದಾಟಿ ಊರೊಳಗೆ ಕೇಳಿಸಿತು. ದಿಗಂಬರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

"ನಡೀರಿ," ಎಂದಳು ತುಳಜಾಬಾಯಿ.

"ಎಲ್ಲಿಗಿ?"

"ನಿಮಗ ಗೊತ್ತೈತಿ."

ಅವಳು ಮುಂದೆ, ಅವನು ಹಿಂದೆ. ಕೇರಿಯ ಮನೆಯೊಳಗೆ ಅವಳು ಯಾರನ್ನೂ ಕೇಳದೆ ಹೋಗಿ ಮುಕ್ತಾಬಾಯಿಯ ಪಕ್ಕದಲ್ಲಿ ಕೂತಳು. ಅವನು ಬಾಗಿಲ ಹೊರಗೆ ನಿಂತ. ಉತ್ತಮ ಎದುರಿನ ಕಲ್ಲಿನ ಮೇಲೆ ಕೂತಿದ್ದ, ತಲೆಯೆತ್ತಲಿಲ್ಲ.

"ಒಳಗ ಬರ್ಲೋ ಅಂತ ಕೇಳ್ರಿ ಪೈಲ್ವಾನ್ರ," ಎಂದ. "ನಾ ಕೇಳಿದ್ನಲ್ಲ, ಹಂಗ."

ಎರಡು ಶಬ್ದ. ದಿಗಂಬರ ಚೌಕಟ್ಟಿಗೆ ಕೈಯಿಟ್ಟ, ತೆಗೆದ. ತಿರುಗಿ ಮನೆಗೆ ಹೋದ. ತುಳಜಾಬಾಯಿ ಬಂದು ನೋಡಿದರೆ ಬಚ್ಚಲ ಕಟ್ಟೆಯ ಮೇಲೆ ಅಂಗಿ ತೊಟ್ಟೇ ಕೂತಿದ್ದ. "ಕೇಳಾಕ ಬರಲಿಲ್ಲ ನನಗ," ಎಂದ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಅಷ್ಟು ದೊಡ್ಡ ದೇಹದೊಳಗೆ ಎರಡು ಶಬ್ದಕ್ಕೆ ಜಾಗವಿಲ್ಲವೇ?

ಮರುವರ್ಷ ಪೀರ್ ಪಾಷಾ ಸಾಯುವಾಗ ದಿಗಂಬರನ ಕೈ ಹಿಡಿದು, "ನನ್ನ ಕಣ್ಣಿಗಿ ಅವತ್ತ ಮೈದಾನದಾಗ ಧೂಳ ಬಿದ್ದಿತ್ತು, ಕಿವಿಗಿ ಬಿದ್ದಿರಲಿಲ್ಲ," ಎಂದ. ಅಷ್ಟೇ ಹೇಳಿದ್ದು. ತಾಲೀಮಿನ ವಸ್ತಾದಗಿರಿಯನ್ನು ಅವನಿಗೇ ಕೊಟ್ಟು ಕಣ್ಣು ಮುಚ್ಚಿದ. ಕೊಟ್ಟದ್ದೋ, ಹೊರಿಸಿದ್ದೋ!

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಹುಮನಾಬಾದಿನ ಕಾಳಿನ ಪೇಟೆಯ ಹಿಂದಿನ ಬಯಲಲ್ಲಿ ದೊಡ್ಡ ಕುಸ್ತಿ ನಡೆಯಿತು. ದಿಗಂಬರ ಮುಖ್ಯ ಪಂಚ. ಕಮಿಟಿಯ ಗಾದಿಯ ಮೇಲೆ ಮುದುಕ ವೈಜನಾಥ. ತವರಿಗೆ ಬಂದಿದ್ದ ತುಳಜಾಬಾಯಿ ಹುಡಗಿ ಊರಿನ ಹೆಂಗಸರ ಜೊತೆ ಬಯಲ ಅಂಚಿನಲ್ಲಿ ಎತ್ತು ಬಿಚ್ಚಿ ನಿಲ್ಲಿಸಿದ ಗಾಡಿಯ ಮೇಲೆ ನಿಂತಿದ್ದಳು. ಕಾಲ ಬದಲಾಗಿತ್ತು, ಹೆಂಗಸರು ದೂರದಿಂದ ನೋಡಬಹುದಿತ್ತು. ಬದಲಾಗದ್ದೂ ಇತ್ತು. ಉತ್ತಮನ ಕಿರಿಮಗ ಜ್ಞಾನೇಶ್ವರ ಲಂಗೋಟಿ ಬಿಗಿದು ಅಖಾಡದ ಅಂಚಿಗೆ ಬಂದಾಗ ಹೆಸರು ಬರೆಯುವವನು ಕೇಳಿದ.

"ಯಾವ ತಾಲೀಮು?"

ಹುಡುಗ ಅಪ್ಪನತ್ತ ತಿರುಗಿದ. ಹಿಂದೆ ನಿಂತ ಉತ್ತಮನ ತಲೆ ಬಿಳಿಯಾಗಿತ್ತು. ವೈಜನಾಥ ಗಾದಿಯಿಂದಲೇ, "ತಾಲೀಮಿಲ್ಲದವಗ ಜೋಡಿ ಇಲ್ಲ. ಮುಂದಿನವನ್ನ ಕರೀರಿ," ಎಂದ. ಉತ್ತಮ ಮಗನ ಹೆಗಲ ಮೇಲೆ ಕೈಯಿಟ್ಟು ತಿರುಗಿದ. ಹಿರಿಮಗನೊಂದಿಗೆ ಎಷ್ಟೋ ಮೈದಾನದಿಂದ ಹೀಗೆಯೇ ತಿರುಗಿದವನು. ಇವನೂ ಇನ್ನು ಗಿರಣಿಗೆ ಹೋಗುವವನೇ ಎಂಬುದು ಆ ನಡಿಗೆಯಲ್ಲೇ ಕಾಣುತ್ತಿತ್ತು.

"ತಡೀರಿ," ಎಂದ ದಿಗಂಬರ.

ರುಮಾಲು ತೆಗೆದು ನೆಲಕ್ಕಿಟ್ಟ. ಎಡಗೈಯಿಂದ ಅಂಗಿ ಬಿಚ್ಚಿದ, ಬಲಗೈ ಏರದಿದ್ದುದರಿಂದ ಅದಕ್ಕೆ ಹೊತ್ತು ಹಿಡಿಯಿತು. ಜನ ನಗತೊಡಗಿದರು. ಅಖಾಡದ ನಡುವೆ ಬಂದು ನಿಂತು ಹೇಳಿದ.

"ಕಲ್ಯಾಣದ ತಾಲೀಮು ಅಂತ ಬರ್ಕೋ. ಇವರಪ್ಪ ಆ ಬಾಗಿಲ ಗೆದ್ದ ಇಪ್ಪತ್ತ ವರ್ಷದ ಮ್ಯಾಲಾತು. ಬರಾಬರಿ ಆಗಿರಲಿಲ್ಲ ಆ ಕುಸ್ತಿ. ನಾ ಬಿದ್ದಿದ್ನಿ. ಎರಡೂ ಭುಜಾ ಹತ್ತಿದ್ವು. ಶಾಲು ಮುಚ್ಚಿತ್ತು, ಅದಕ್ಕ ನಿಮಗ ಕಾಣಲಿಲ್ಲ. ಈಗ ನೋಡ್ರಿ."

ಅವನು ಅಂಗಾತ ಮಲಗಿದ. ತನ್ನ ಭಾರವನ್ನೆಲ್ಲ ಆ ಮಣ್ಣಿಗೆ ಒತ್ತಿದ. ನಗು ನಿಂತುಹೋಯಿತು. ಮಡದಿಯ ಎದುರೂ ನೆಲಕ್ಕೆ ತಾಗಿಸದ ಬೆನ್ನು ಅದು. ಗಾಡಿಯ ಮೇಲೆ ತುಳಜಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಎದ್ದು, ಬೆನ್ನನ್ನು ಜನರಿಗೆ ತಿರುಗಿಸಿ, ಸುತ್ತ ಒಂದು ಸುತ್ತು ಬಂದ. ಕೊನೆಗೆ ಉತ್ತಮನ ಮುಂದೆ ಬೆನ್ನು ಮಾಡಿ ನಿಂತ.

"ಒರಸ್ತೀಯೇನೋ ಉತ್ತಮ?"

ಆ ದನಿಯಲ್ಲಿ ಒಂದು ಕೇಳಿಕೆ ಇತ್ತು. ಅಂಥ ದನಿ ಅವನಲ್ಲಿದೆಯೆಂದು ಹೆಂಡತಿಗೂ ಗೊತ್ತಿರಲಿಲ್ಲ. ಉತ್ತಮ ಆ ಬೆನ್ನನ್ನು ನೋಡಿದ.

"ಇರ್ಲಿ ಬಿಡ್ರಿ," ಎಂದ. "ಇಷ್ಟ ವರ್ಷ ನಾ ಹೊತ್ತೀನಿ. ಇನ್ನ ಸ್ವಲ್ಪ ದಿನ ನೀವು ಹೊರ್ರಿ."

ದಿಗಂಬರ ತಲೆಯಾಡಿಸಿದ. ಜ್ಞಾನೇಶ್ವರನ ಹೆಸರನ್ನು ಬರೆದುಕೊಂಡರು. ಹುಡುಗ ಅಂದು ಸೋತ, ಅದೂ ಸರಿಯೇ. ಸೋಲುವುದಕ್ಕೂ ಮೊದಲು ಒಳಗೆ ಬಿಡಬೇಕಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಹೆಂಡತಿಯ ಪಕ್ಕ ದಿಗಂಬರ ಅಂಗಿ ತೊಡದೆ, ಸೀಟಿಗೆ ಒರಗದೆ, ನೆಟ್ಟಗೆ ಕೂತು ಬಂದ. ಮನೆಯಲ್ಲಿ ತುಳಜಾಬಾಯಿ ನೀರು ಕಾಯಿಸಿದಳು. "ಬ್ಯಾಡ," ಎಂದ. "ನೀ ಒಮ್ಮಿ ತೊಳದದ್ದು ಸಾಕು." ಅವಳ ಎದೆಯಲ್ಲಿ ಅಷ್ಟು ವರ್ಷ ಕೂತಿದ್ದ ಮುಳ್ಳು ಅವನ ಎದೆಯಲ್ಲೂ ಇತ್ತೆಂದು ಆಗ ತಿಳಿಯಿತು. ಅಂದು ಅವನು ಮೊದಲ ಬಾರಿ ಅಂಗಾತ ಮಲಗಿದ, ಮಗುವಿನಂತೆ ಬಾಯಿ ತೆರೆದು ಗೊರಕೆ ಹೊಡೆದ.

ವೈಜನಾಥ ತಾಲೀಮಿಗೆ ಬೀಗ ಹಾಕಿಸಿದ. ದಿಗಂಬರ ಹಾರೆಯಿಂದ ಬೀಗ ಒಡೆದ. ಆಮೇಲೆ ಕೇರಿಗೆ ಹೋಗಿ ಉತ್ತಮನ ಬಾಗಿಲಲ್ಲಿ ನಿಂತು, "ಒಳಗ ಬರ್ಲೋ?" ಎಂದು ಕೇಳಿದ. ಈಗ ಬಂತು ಆ ಮಾತು. ಮುಕ್ತಾಬಾಯಿ ಚಾಪೆ ಹಾಸಿದಳು. ಜ್ಞಾನೇಶ್ವರನನ್ನೂ ಅವನ ಗೆಳೆಯರನ್ನೂ ಕರೆದುಕೊಂಡು, ಯುಗಾದಿಯ ಕುಸ್ತಿಗೆ ಕೊಟ್ಟ ಮಾತಿನಂತೆ ಕೈ ಹಿಡಿದು, ಬಜಾರದ ನಡುವಿನಿಂದ ತಾಲೀಮಿಗೆ ಹೊರಟ. ಜನ ಈಗ ಗೋಡೆಗೆ ಅಂಟಲಿಲ್ಲ, ಬೆನ್ನು ತಿರುಗಿಸಿ ನಿಂತರು. ಒಂದು ಮಾಳಿಗೆಯಿಂದ ಯಾರೋ ಹಸಿ ಸಗಣಿ ಬೆರೆತ ಹುಲ್ಲನ್ನು ಅವನ ತಲೆಯ ಮೇಲೆ ಸುರಿದರು. ಅವನು ನಿಂತು, ಅಂಗಿಗೆ ಅಂಟಿದ ಎಸಳನ್ನು ತೆಗೆದು ನೋಡಿದ. ಅದೇ ಓಣಿ. ಮುಂದೆ ನಡೆದ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನದು ಬಂತೋ ಇಲ್ಲವೋ, ಬೆಲೆಯನ್ನಂತೂ ತೆತ್ತ. ಊರವರು ತಮ್ಮ ಮಕ್ಕಳನ್ನು ತಾಲೀಮಿನಿಂದ ಬಿಡಿಸಿಕೊಂಡರು. ಬೀಗರು ಮಗಳನ್ನು ತವರಿಗೆ ಕಳಿಸುವುದನ್ನು ನಿಲ್ಲಿಸಿದರು. ಒಬ್ಬಳೇ ಮಗಳು. ತುಳಜಾಬಾಯಿ ಪಂಚಮಿಯ ಉಂಡಿ ಕಟ್ಟಿ ಡಬ್ಬಿಯಲ್ಲಿಟ್ಟು ಕಾಯುತ್ತಿದ್ದಳು, ಉಂಡಿ ಹಳಸಿದ ಮೇಲೆ ದನಕ್ಕೆ ಹಾಕುತ್ತಿದ್ದಳು. ಗಂಡನಿಗೆ ಒಂದು ಮಾತು ಅನ್ನಲಿಲ್ಲ. ಅವನೂ ದೊಡ್ಡ ಸಾಧುವೇನೂ ಆಗಲಿಲ್ಲ. ಸಿಟ್ಟು ಹಾಗೆಯೇ ಇತ್ತು, ಮೀಸೆ ಹಾಗೆಯೇ ಇತ್ತು, ಚಹಾ ತಣ್ಣಗಾದರೆ ಮುಖ ಊದುತ್ತಿತ್ತು.

ಉತ್ತಮ ಮಾತ್ರ ಆ ಹೊಸ್ತಿಲನ್ನು ದಾಟಲಿಲ್ಲ. ಎದುರಿನ ಕಲ್ಲಿನ ಮೇಲೆ ಕೂತು ತೆರೆದ ಬಾಗಿಲಿನಿಂದ ನೋಡುತ್ತಿದ್ದ. "ಕಾಲ ಹಾಕೋ, ಕಾಲ," ಎಂದು ಅಲ್ಲಿಂದ ಕೂಗುತ್ತಿದ್ದ. ಒಳಗೆ ದಿಗಂಬರ ಅದನ್ನೇ ತನ್ನ ಮಾತೆಂಬಂತೆ, "ಕಾಲ ಹಾಕು," ಎನ್ನುತ್ತಿದ್ದ. ಇಬ್ಬರು ಮುದುಕರು ಒಬ್ಬರ ಜೊತೆ ಒಬ್ಬರು ಒಂದು ಮಾತಾಡದೆ, ಐದು ವರ್ಷ ಒಂದೇ ಪಾಠ ಕಲಿಸಿದರು.

ಎಂಬತ್ನಾಲ್ಕರ ಚಳಿಗಾಲದ ಒಂದು ಬೆಳಗ್ಗೆ ದಿಗಂಬರ ಏಳಲಿಲ್ಲ. ಅಂಗಾತ ಮಲಗಿದವನು ಹಾಗೆಯೇ ಇದ್ದ. ಸಂಬಂಧಿಕರು ಬಂದರು, ಸಾವಿಗಾದರೂ ಬರಬೇಕಲ್ಲ. ಶವವನ್ನು ಅಂಗಳದಲ್ಲಿ ಮಣೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದರು. ಹಂಡೆಯ ನೀರು ಕಾದಿತ್ತು. ಹಿರಿಯರೊಬ್ಬರು ಸ್ನಾನ ಮಾಡಿಸಲು ತಂಬಿಗೆ ಎತ್ತಿದಾಗ ಹಿತ್ತಲ ಬಾಗಿಲಲ್ಲಿ ಉತ್ತಮ ಬಂದು ನಿಂತ.

"ಒಳಗ ಬರ್ಲೋ?" ಎಂದ. ಈ ಸಲ ಅದರಲ್ಲಿ ಚುಚ್ಚು ಇರಲಿಲ್ಲ.

"ಇವಗೇನ ಕೆಲಸ ಇಲ್ಲಿ?" ಎಂದ ವೈಜನಾಥ, ಕುರ್ಚಿಯಿಂದ. "ಸ್ನಾನದ ಹೊತ್ತಿನ್ಯಾಗ..."

ತುಳಜಾಬಾಯಿ ಎದ್ದು ನಿಂತಳು. ಗೋಡೆ ಕುಸಿದ ದಿನ ಗಂಟಲಲ್ಲಿ ಸಿಕ್ಕಿದ್ದ ಮಾತು ಅಲ್ಲೇ ಇತ್ತು.

"ಬಾ ಉತ್ತಮಣ್ಣ," ಎಂದಳು. "ಮಾಮಾ, ನೀವು ಸುಮ್ಮ ಕೂಡ್ರಿ. ತಂಬಿಗಿ ಕೆಳಗ ಇಡ್ರಿ ಅಣ್ಣಾರ. ನಾ ಒಮ್ಮಿ ಲಗೂನ ನೀರ ಹಾಕಿದ್ನಿ, ತಪ್ಪಾತು. ಇವತ್ತ ಅವ ಮುಗಸೂತನಕ ನೀರ ಹಾಕೂದು ಬ್ಯಾಡ."

ಉತ್ತಮ ಹೊಸ್ತಿಲು ದಾಟಿ ಬಂದು ಮಂಡಿಯೂರಿದ. ಒಂದು ಕೈಯಿಂದ ದಿಗಂಬರನ ಎದೆಗೆ ಆಸರೆ ಕೊಟ್ಟು ಮುಂದಕ್ಕೆ ಬಾಗಿಸಿದ, ನಿದ್ದೆಗೆ ಜಾರಿದ ಗೆಳೆಯನನ್ನು ಬಾಗಿಸಿದ ಹಾಗೆ. ಬಲಗೈಯನ್ನು ಆ ಅಗಲ ಬೆನ್ನಿನ ಮೇಲೆ ಇಟ್ಟ. ಅಲ್ಲಿ ಮಣ್ಣೇನೂ ಇರಲಿಲ್ಲ, ಹುಮನಾಬಾದಿನ ಮಣ್ಣು ಎಂದೋ ಉದುರಿಹೋಗಿತ್ತು. ಆದರೂ ಮೊದಲು ಎಡ ಭುಜ, ಆಮೇಲೆ ಬಲ ಭುಜ, ಮೇಲಿನಿಂದ ಕೆಳಗೆ, ನಿಧಾನವಾಗಿ ಒರೆಸಿದ. ಮುಗಿದ ಮೇಲೆ ಅಂಗೈಯನ್ನು ಒಮ್ಮೆ ನೋಡಿಕೊಂಡು ಧೋತರಕ್ಕೆ ಒರೆಸಿಕೊಂಡ. ಅಷ್ಟು ವರ್ಷ ಅವಳನ್ನು ದೂರದ ಮರ್ಯಾದೆಯಿಂದ ಬಾಯಾರ ಎಂದೇ ಕರೆದವನು ಈಗ ಅಣ್ಣನ ಹೆಂಡತಿಯನ್ನು ನೋಡುವಂತೆ ತಲೆಯೆತ್ತಿ ನೋಡಿದ.

"ಮುಗೀತು," ಎಂದ. "ಈಗ ನೀರ ಹಾಕ್ರಿ, ವೈನಿ."